ಸೇತುವೆ ದುರಸ್ತಿಗೆ ಬಾವಲಿಗಳಿಗಾಗಿ ಕಾಯಲೇಬೇಕೇ?

ಪ್ರಶ್ನೆ: ನಾವಿರುವುದು ಇಂಗ್ಲೆಂಡಿನ ಒಂದು ಸಣ್ಣ ಊರಿನಲ್ಲಿ. ಇಲ್ಲಿನ ಹಳೆಯ ಕಲ್ಲು ಸೇತುವೆಯನ್ನು ದುರಸ್ತಿಗೆಂದು ಮುಚ್ಚಿದ್ದಾರೆ. ಆದರೆ ಕೆಳಗೆ ಬಾವಲಿಗಳಿವೆಯೆಂದು ಕೆಲಸ ಆರಂಭಿಸಿಲ್ಲ. ಶಾಲೆಗೂ ಅಂಗಡಿಗೂ ಸುತ್ತಿ ಬಳಸಿ ಹೋಗಬೇಕಾಗಿದೆ. ರಾತ್ರಿ ಅವು ಹೊರಗೆ ಹಾರಿದಾಗ ಸಂದುಗಳನ್ನು ಮುಚ್ಚಿಬಿಟ್ಟರೆ ಸಾಲದೇ?

ಉತ್ತರ: ಸಾಲದು. ಬೇಸಿಗೆಯಲ್ಲಂತೂ ಅದು ಕ್ರೂರವಾದ ಕೆಲಸ. ರಾತ್ರಿ ಹೊರಗೆ ಹೋಗುವುದು ತಾಯಂದಿರು ಮಾತ್ರ. ಜೂನ್ ಸುಮಾರಿಗೆ ಹುಟ್ಟುವ ಮರಿಗಳಿಗೆ ಮೊದಲ ಕೆಲವು ವಾರ ಹಾರಲು ಬಾರದು, ಅವು ಕಲ್ಲಿನ ಸಂದಿನಲ್ಲಿಯೇ ತಾಯಿಯ ಹಾಲಿಗಾಗಿ ಕಾದಿರುತ್ತವೆ. ಹೊರಗಿನಿಂದ ಗಾರೆ ಮೆತ್ತಿದರೆ ಒಳಗಿರುವ ಮರಿಗಳೆಲ್ಲ ಸಾಯುತ್ತವೆ. ಹೆಣ್ಣು ಬಾವಲಿ ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮರಿ ಹಾಕುವುದರಿಂದ ಆ ನಷ್ಟ ಬೇಗ ತುಂಬುವಂಥದ್ದಲ್ಲ.

ಬ್ರಿಟನ್ನಿನ ಕಲ್ಲು ಸೇತುವೆಗಳಲ್ಲಿ ಹೆಚ್ಚಾಗಿ ಸಿಗುವುದು ಡಾಬೆಂಟನ್ ಬಾವಲಿ. ಸುಮಾರು 10 ಗ್ರಾಂ ತೂಗುವ ಈ ಪ್ರಾಣಿ ಮುಸ್ಸಂಜೆಯಲ್ಲಿ ನೀರಿಗೆ ತಾಗುವಷ್ಟು ಕೆಳಗೆ ಹಾರುತ್ತ, ನೀರಿನ ಮೇಲಿನ ಹುಳುಗಳನ್ನು ದೊಡ್ಡ ಪಾದಗಳಿಂದ ಬಾಚಿ ಹಿಡಿದು ತಿನ್ನುತ್ತದೆ. ಗಾರೆ ಉದುರಿ ಹೆಬ್ಬೆರಳು ತೂರುವಷ್ಟು ಜಾಗವಾದರೂ ಅದಕ್ಕೆ ಸಾಕು. ಅದು ಕಲ್ಲನ್ನು ಕೊರೆಯುವುದಿಲ್ಲ, ಗಾರೆಯನ್ನು ಕೆರೆಯುವುದಿಲ್ಲ, ಮೊದಲೇ ಇರುವ ಬಿರುಕಿನಲ್ಲಿ ಸೇರಿಕೊಳ್ಳುತ್ತದೆ ಅಷ್ಟೇ. ಆದ್ದರಿಂದ ಸೇತುವೆ ಶಿಥಿಲವಾದದ್ದಕ್ಕೆ ಬಾವಲಿಯನ್ನು ದೂರುವುದು ಸರಿಯಲ್ಲ. ಹೊಸ ಕಾಂಕ್ರೀಟ್ ಸೇತುವೆಗಳೂ ಬಾವಲಿಗಳಿಗೆ ಒಗ್ಗುತ್ತವೆ. ಅಮೆರಿಕದ ಆಸ್ಟಿನ್ ನಗರದ ಕಾಂಗ್ರೆಸ್ ಅವೆನ್ಯೂ ಸೇತುವೆಯನ್ನು 1980ರಲ್ಲಿ ನವೀಕರಿಸಿದ ಮೇಲೆ ಅದರ ಕೆಳಗಿನ ಕಿರಿದಾದ ಸಂದುಗಳಿಗೆ ಬಾವಲಿಗಳು ಹಿಂಡುಹಿಂಡಾಗಿ ಬಂದವು. ಮೊದಲು ಜನ ಹೆದರಿ ಅವನ್ನು ಓಡಿಸಿರೆಂದು ಒತ್ತಾಯಿಸಿದ್ದರು. ಈಗ ಬೇಸಿಗೆಯ ಸಂಜೆ 15 ಲಕ್ಷದವರೆಗಿನ ಬಾವಲಿಗಳು ಹೊರಡುವುದನ್ನು ನೋಡಲೆಂದೇ ಅಲ್ಲಿ ಸೇರುತ್ತಾರೆ.

ಇನ್ನು ಕಾನೂನಿನ ಮಾತು. 1981ರ ವನ್ಯಜೀವಿ ಮತ್ತು ಗ್ರಾಮಾಂತರ ಕಾಯ್ದೆ ಹಾಗೂ 2017ರ ಆವಾಸ ನಿಯಮಗಳ ಪ್ರಕಾರ ಇಂಗ್ಲೆಂಡಿನಲ್ಲಿ ಬಾವಲಿಯನ್ನು ಕೊಲ್ಲುವುದಷ್ಟೇ ಅಲ್ಲ, ಅದರ ತಂಗುದಾಣವನ್ನು ಹಾಳುಮಾಡುವುದೂ ಅಪರಾಧ, ಆ ಹೊತ್ತಿಗೆ ಅದರೊಳಗೆ ಬಾವಲಿ ಇರದಿದ್ದರೂ ಸರಿಯೇ. ಹಾಗೆಂದು ಕಾನೂನು ದುರಸ್ತಿಯನ್ನೇ ತಡೆಯುವುದಿಲ್ಲ. ಸಾರ್ವಜನಿಕ ಸುರಕ್ಷತೆಯಂಥ ಬಲವಾದ ಕಾರಣವಿದ್ದು, ಬೇರೆ ತೃಪ್ತಿಕರ ದಾರಿಯಿಲ್ಲದೆ, ಆ ಜಾತಿಯ ಬಾವಲಿಗಳ ಉಳಿವಿಗೆ ಧಕ್ಕೆಯಾಗದೆಂದು ತೋರಿಸಿಕೊಟ್ಟರೆ ‘ನ್ಯಾಚುರಲ್ ಇಂಗ್ಲೆಂಡ್’ ಸಂಸ್ಥೆ ಪರವಾನಗಿ ನೀಡುತ್ತದೆ.

ಪರವಾನಗಿ ಸಿಕ್ಕ ಮೇಲಿನ ಕೆಲಸ ತಾಳ್ಮೆಯದು. ತಜ್ಞರು ಕಮಾನಿನ ಕೆಳಗೆ ನಿಂತು, ತುದಿಯಲ್ಲಿ ಪುಟ್ಟ ಕ್ಯಾಮೆರಾ ಇರುವ ಕೊಳವೆಯನ್ನು ಒಂದೊಂದೇ ಸಂದಿಗೆ ತೂರಿಸಿ ನೋಡಿ ಗುರುತು ಹಾಕುತ್ತಾರೆ. ಖಾಲಿ ಸಂದುಗಳನ್ನು ಮುಚ್ಚಿ, ಬಾವಲಿಗಳು ಬಳಸುವವನ್ನು ಸಾಧ್ಯವಾದಷ್ಟು ಹಾಗೆಯೇ ಉಳಿಸಲಾಗುತ್ತದೆ. ಒತ್ತಡ ಹಾಕಿ ಗಾರೆ ತುಂಬುವ ವಿಧಾನ ಇಲ್ಲಿ ಅಪಾಯಕಾರಿ, ಏಕೆಂದರೆ ಅದು ಕಣ್ಣಿಗೆ ಕಾಣದ ಪೊಳ್ಳುಗಳಿಗೂ ನುಗ್ಗಿ ಬಾವಲಿಗಳನ್ನು ಜೀವಂತ ಹೂತುಬಿಡುತ್ತದೆ.

ನನ್ನ ದೃಷ್ಟಿಯಲ್ಲಿ ಇಂಥ ವಿಳಂಬಕ್ಕೆ ಕಾರಣ ಬಾವಲಿಗಳಿಗಿಂತ ಹೆಚ್ಚಾಗಿ ಯೋಜನೆ ಮಾಡುವವರು. ಮರಿ ಹಾಕಿ ಸಾಕುವ ಕಾಲ ಸುಮಾರಾಗಿ ಮೇಯಿಂದ ಆಗಸ್ಟ್, ಚಳಿನಿದ್ರೆಯ ಕಾಲ ನವೆಂಬರಿನಿಂದ ಮಾರ್ಚ್. ನಡುವಿನ ಸೆಪ್ಟೆಂಬರ್, ಅಕ್ಟೋಬರ್ ಮತ್ತು ಕೆಲವೊಮ್ಮೆ ಏಪ್ರಿಲ್ ಸಾಮಾನ್ಯವಾಗಿ ಕೆಲಸಕ್ಕೆ ಅನುಕೂಲ. ಇದು ಎಲ್ಲರಿಗೂ ಮುಂಚೆಯೇ ತಿಳಿದಿರುವ ಪಂಚಾಂಗ. ಬಿರುಕು ಕಂಡ ಬೇಸಿಗೆಯಲ್ಲೇ ಸಮೀಕ್ಷೆ ಮಾಡಿಸದೆ ಗುತ್ತಿಗೆ ಕೊಟ್ಟ ಮೇಲೆ ಎಚ್ಚೆತ್ತರೆ ಮುಂದಿನ ಋತುವಿಗೆ ಕಾಯಬೇಕಾಗುತ್ತದೆ, ಅದರ ಕಷ್ಟ ನಿಮ್ಮಂಥವರ ಪಾಲಿಗೆ ಬರುತ್ತದೆ.

ಆದ್ದರಿಂದ ನಿಮ್ಮ ಕೌನ್ಸಿಲ್‌ಗೆ ಬರೆದು ಕೇಳಿರಿ: ಬಾವಲಿ ಸಮೀಕ್ಷೆ ಯಾವಾಗ ಮುಗಿಯಿತು, ಪರವಾನಗಿಗೆ ಅರ್ಜಿ ಹಾಕಿದ್ದಾರೆಯೇ, ಅದು ಬರುವವರೆಗೆ ಸೇತುವೆಗೆ ತಾತ್ಕಾಲಿಕ ಆಸರೆ ಕೊಟ್ಟು ಪಾದಚಾರಿಗಳನ್ನಾದರೂ ಬಿಡಲು ಸಾಧ್ಯವೇ?