ಐ7 ಆಮೇಲೆ, ಮೊದಲು ಲ್ಯಾನ್ ಪೋರ್ಟ್ ನೋಡಿ

"ಸರ್, ಫೈರ್‌ವಾಲ್‌ಗೆ ಐ5 ಸಾಕಾ, ಐ7 ಹಾಕಿಸ್ಲಾ?" ಫೋನ್ ಮಾಡಿದವರೆಲ್ಲ ಮೊದಲು ಕೇಳುವುದು ಪ್ರೊಸೆಸರ್ ಬಗ್ಗೆ, ಇದನ್ನೇ. ನೆಟ್ ಕೇಬಲ್ ಚುಚ್ಚುವ ಲ್ಯಾನ್ ಪೋರ್ಟ್ ಯಾವ ಚಿಪ್ಪಿನದು ಎಂದು ಈವರೆಗೆ ಒಬ್ಬರೂ ಕೇಳಿಲ್ಲ. ಸಣ್ಣ ಆಫೀಸುಗಳಿಗೆ ಪಿಎಫ್‌ಸೆನ್ಸ್, ಒಪಿಎನ್‌ಸೆನ್ಸ್ ಎಂಬ ಫೈರ್‌ವಾಲ್ ಸಾಫ್ಟ್‌ವೇರ್ (ಆಫೀಸಿಗೂ ಇಂಟರ್ನೆಟ್ಟಿಗೂ ನಡುವೆ ಕಾವಲು ಕೂರುವಂಥದು) ಹಾಕಿಕೊಡುವ ನನಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ.

ದಾವಣಗೆರೆಯ ಒಂದು ಆಡಿಟರ್ ಆಫೀಸಿನಲ್ಲಿ ಐ7, 16 ಜಿಬಿ ರ‍್ಯಾಮ್ ಇದ್ದ ಯಂತ್ರವನ್ನೇ ಕೂರಿಸಿದ್ದರು. ಫೈರ್‌ವಾಲ್‌ಗೆ ಹೊರಗಿನ ಲೈನಿಗೊಂದು, ಆಫೀಸಿನ ಕಡೆಗೊಂದು ಪೋರ್ಟ್ ಬೇಕು; ಬೋರ್ಡಿನಲ್ಲಿ ಇದ್ದದ್ದು ಒಂದೇ. ಎರಡನೆಯದಕ್ಕೆ ಯುಎಸ್‌ಬಿ ಅಡಾಪ್ಟರ್. ಜಿಎಸ್‌ಟಿ ರಿಟರ್ನ್ ಕಟ್ಟುವ 20ನೇ ತಾರೀಕು ಹತ್ತಿರ ಬಂದು ಎಲ್ಲರೂ ಒಟ್ಟಿಗೆ ಕೂತರೆ ನೆಟ್ ಕಡಿದುಹೋಗುತ್ತಿತ್ತು. ಪಾಪ, ಕೇಬಲ್ ಹುಡುಗ ಮೂರು ಸಲ ಬಂದು ಬೈಸಿಕೊಂಡು ಹೋಗಿದ್ದ. ನಾನು ಹೋಗಿ ಅಡಾಪ್ಟರ್ ಮುಟ್ಟಿದರೆ ಬೆರಳು ಇಡಲಾಗದಷ್ಟು ಬಿಸಿ. ಎರಡು ಪೋರ್ಟಿನ ಹಳೆಯ ಇಂಟೆಲ್ ಕಾರ್ಡ್ ಹಾಕಿದೆ. ಅಂದಿನಿಂದ ತೊಂದರೆಯಿಲ್ಲ.

ಫೈರ್‌ವಾಲ್ ಮಾಡುವುದು ಪ್ಯಾಕೆಟ್ (ನೆಟ್‌ನಲ್ಲಿ ಓಡಾಡುವ ಮಾಹಿತಿಯ ತುಂಡು) ಎಣಿಸಿ, ನೋಡಿ, ದಾಟಿಸುವ ಕೆಲಸ. 1 ಗಿಗಾಬಿಟ್ ಲೈನ್ ತುಂಬಿದರೆ ದೊಡ್ಡ ಪ್ಯಾಕೆಟ್ಟುಗಳಾದರೂ ಸೆಕೆಂಡಿಗೆ ಸುಮಾರು 81 ಸಾವಿರ; ಅತಿ ಚಿಕ್ಕವಾದರೆ ಸುಮಾರು 14.88 ಲಕ್ಷ. ಒಳ್ಳೆಯ ಪೋರ್ಟ್ ಇವನ್ನು ಹಲವು ಸಾಲು ಮಾಡಿ ಪ್ರೊಸೆಸರಿನ ಬೇರೆ ಬೇರೆ ಕೋರ್‌ಗಳಿಗೆ ಹಂಚುತ್ತದೆ. ಹಂಚದಿದ್ದರೆ ನೀವು ದುಡ್ಡು ಕೊಟ್ಟ ಎಂಟು ಕೋರ್‌ಗಳಲ್ಲಿ ಏಳು ಸುಮ್ಮನೆ ಕೂತಿರುತ್ತವೆ.

ಬಿಎಸ್‌ಎನ್‌ಎಲ್ ಫೈಬರ್‌ನಂಥ ಪಿಪಿಪಿಒಇ ಲೈನ್ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಸೇರುವಂಥದು) ಇದ್ದವರು ಇದನ್ನು ಇನ್ನೊಮ್ಮೆ ಓದಿ. ಅಲ್ಲಿ ಪ್ಯಾಕೆಟ್ಟಿನ ಮೇಲೆ ಇನ್ನೊಂದು ಲಕೋಟೆ ಇರುತ್ತದೆ. ಒಳಗಿನ ಐಪಿ ವಿಳಾಸ ಎಷ್ಟೋ ಕಾರ್ಡುಗಳಿಗೆ ಕಾಣುವುದಿಲ್ಲ, ಹಾಗಾಗಿ ಒಳಬರುವುದೆಲ್ಲ ಒಂದೇ ಸಾಲಿಗೆ, ಒಂದೇ ಕೋರಿನ ತಲೆಗೆ. ಇಲ್ಲಿ ಕೋರ್ ಎಷ್ಟಿವೆ ಅನ್ನುವುದಕ್ಕಿಂತ ಒಂದೊಂದು ಕೋರ್ ಎಷ್ಟು ಚುರುಕು ಅನ್ನುವುದೇ ಲೆಕ್ಕಕ್ಕೆ ಬರುವುದು. ಪಿಎಫ್‌ಸೆನ್ಸ್ 2.8ರಲ್ಲಿ ಇದಕ್ಕೆ ಹೊಸ ಡ್ರೈವರ್ ಬಂದು ಹೊರೆ ಇಳಿದಿದೆ. ಆದರೂ 100 ಎಂಬಿಪಿಎಸ್ ಲೈನಿಗೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಿಲ್ಲ, ಅದನ್ನು ಹಳೆಯ ಯಂತ್ರವೂ ಎಳೆಯುತ್ತದೆ. ದಾಳಿಗಳನ್ನು ಪತ್ತೆ ಹಚ್ಚುವ ಸುರಿಕಾಟಾ ಸಾಫ್ಟ್‌ವೇರ್ ಓಡಿಸುವುದಿದ್ದರೆ ಮಾತು ಬೇರೆ. ಅದಕ್ಕೆ ಕೋರ್, ರ‍್ಯಾಮ್ ಎರಡೂ ನಿಜಕ್ಕೂ ಬೇಕು.

ರಿಯಲ್‌ಟೆಕ್ ಚಿಪ್ಪು ಎಲ್ಲ ಕಡೆ ಕೆಟ್ಟದೆಂದು ಹೇಳಲಾರೆ. ಆದರೆ ಪಿಎಫ್‌ಸೆನ್ಸ್, ಒಪಿಎನ್‌ಸೆನ್ಸ್ ಎರಡೂ ಓಡುವ ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಅದರ ಡ್ರೈವರ್ ನನ್ನನ್ನು ಹಲವು ಸಲ ಕಾಡಿದೆ. ಹೊಸದು ಕೊಳ್ಳುವವರಿಗೆ ಇಂಟೆಲ್ ಪೋರ್ಟಿನ, ಫ್ಯಾನ್ ಇಲ್ಲದ ಎನ್100 (ಇಂಟೆಲ್‌ನ ಕಡಿಮೆ ಕರೆಂಟಿನ ಪ್ರೊಸೆಸರ್) ಪೆಟ್ಟಿಗೆ ತೆಗೆದುಕೊಳ್ಳಿ ಅನ್ನುತ್ತೇನೆ. ಕರೆಂಟ್ ಬಿಲ್ಲಿನ ಲೆಕ್ಕವೂ ಇದೆ: ಹಗಲೂ ರಾತ್ರಿ 70 ವ್ಯಾಟ್ ಎಳೆಯುವ ಹಳೆಯ ಡೆಸ್ಕ್‌ಟಾಪ್ ವರ್ಷಕ್ಕೆ 613 ಯೂನಿಟ್ ತಿನ್ನುತ್ತದೆ, 12 ವ್ಯಾಟಿನ ಪೆಟ್ಟಿಗೆ 105.

ಯಾವುದನ್ನೇ ತನ್ನಿ, ಕರೆಂಟ್ ಹೋಗಿ ಬಂದಾಗ ತಾನಾಗಿ ಆನ್ ಆಗುವಂತೆ ಬಯಾಸ್‌ನಲ್ಲಿ ಸೆಟ್ಟಿಂಗ್ ಮಾಡಿಡಿ. ಆಡಿಟರ್ ಆಫೀಸಿನಲ್ಲಿ ಅದನ್ನೂ ಯಾರೂ ಮಾಡಿರಲಿಲ್ಲ. ಸೆಟ್ ಮಾಡಿ, ಯಜಮಾನರ ಎದುರಿಗೇ ಪ್ಲಗ್ ಕಿತ್ತೆ. ಅವರು ಗಾಬರಿಯಿಂದ ಎದ್ದು ನಿಂತರು. ಮತ್ತೆ ಚುಚ್ಚಿದೆ. ಎರಡು ನಿಮಿಷಕ್ಕೆ ಅವರ ಮೊಬೈಲಿಗೆ ವಾಟ್ಸಾಪ್ ಸಂದೇಶಗಳು ಸಾಲಾಗಿ ಬರತೊಡಗಿದವು.