ಸೋಮವಾರದ ಎಣ್ಣೆ ಕಲೆ

ಕಾಸರಗೋಡಿನ ಬದಿಯಡ್ಕ ಕಡೆಯ ನನ್ನ ಬೈಕ್ ಗ್ಯಾರೇಜಿಗೆ ಒಂದೇ ದೂರು ಮೂರು ಭಾಷೆಯಲ್ಲಿ ಬರುತ್ತದೆ. ಕನ್ನಡದವರು 'ಆಯಿಲ್ ಲೀಕ್ ಇದೆ' ಅನ್ನುತ್ತಾರೆ, ತುಳುವಿನವರು 'ಉಂಡು' ಅನ್ನುತ್ತಾರೆ, ಮಲಯಾಳದವರು 'ಉಂಡ್' ಅನ್ನುತ್ತಾರೆ. ಬೆರಳು ತೋರಿಸುವುದು ಮಾತ್ರ ಎಲ್ಲರೂ ಒಂದೇ ಕಡೆಗೆ, ಇಂಜಿನ್ನಿನ ಅಡಿಗೆ. ಹನಿ ಬೀಳುವುದು ಅಲ್ಲೇ, ನಿಜ. ಸೋರುವ ಜಾಗ ಬೇರೆಯೇ ಇರಬಹುದು. ಹಂಚಿನ ಮನೆಯಲ್ಲಿ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ನೀರು ತೊಟ್ಟಿಕ್ಕುವುದು ಚಾವಡಿಯಲ್ಲಿ, ಒಡೆದ ಹಂಚು ಇರುವುದು ಎಲ್ಲೋ ಮಾಡಿನ ತುದಿಯಲ್ಲಿ. ಪಕ್ಕಾಸಿನ ಮೇಲೆ ಹರಿದು ಬಂದು ಇಲ್ಲಿ ಬಿದ್ದಿರುತ್ತದೆ, ಅಷ್ಟೇ.

ಬೈಕಿನಲ್ಲಿ ಇದಕ್ಕೆ ಗಾಳಿಯೂ ಸೇರುತ್ತದೆ. ಓಡುವಾಗ ಎಣ್ಣೆ ಕೆಳಗೂ ಇಳಿಯುತ್ತದೆ, ಹಿಂದಕ್ಕೂ ಹೋಗುತ್ತದೆ. ಮೇಲೆ ಇಂಜಿನ್ನಿನ ತಲೆಯಲ್ಲಿರುವ ಟ್ಯಾಪೆಟ್ ಮುಚ್ಚಳದ ಓ-ರಿಂಗ್ ಎಂಬ ರಬ್ಬರ್ ಬಳೆ ಗಟ್ಟಿಯಾಗಿ ಎಣ್ಣೆ ಜಿನುಗಿದರೆ ಕೆಳಗೆ ಕ್ಲಚ್ ಕವರ್ ಒದ್ದೆಯಾಗುತ್ತದೆ. ಕವರಿನ ಪ್ಯಾಕಿಂಗ್ ಎರಡೆರಡು ಸಲ ಬದಲಾಯಿಸಿ ದುಡ್ಡು ಕಳಕೊಂಡವರನ್ನು ನಾನು ನೋಡಿದ್ದೇನೆ. ಒದ್ದೆ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು, ಎಲ್ಲಕ್ಕಿಂತ ಮುಂದಿನದು ಯಾವುದೋ ಅಲ್ಲಿಂದ ಹುಡುಕಬೇಕು. ನಮ್ಮ ಕೆಂಪು ಮಣ್ಣು ಇದಕ್ಕೆ ಒಳ್ಳೇ ಸಹಾಯ. ಎಣ್ಣೆ ಹರಿದ ದಾರಿಯಲ್ಲೆಲ್ಲ ಧೂಳು ಅಂಟಿಕೊಂಡಿರುತ್ತದೆ. ಆದ್ದರಿಂದ ನನ್ನ ಹತ್ತಿರ ಬರುವ ಮೊದಲು ಬೈಕ್ ತೊಳೆದು ತರಬೇಡಿ.

ಹೋದ ಮಳೆಗಾಲದಲ್ಲಿ ಒಬ್ಬರು ಗಣಿತದ ಮಾಷ್ಟ್ರು 150 ಸಿಸಿ ಬೈಕ್ ತಂದರು. ಜೊತೆಗೆ ಟಿವಿ ಡಬ್ಬದ ಒಂದು ರಟ್ಟು. ರಾತ್ರಿ ಬೈಕಿನ ಅಡಿಗೆ ಅದನ್ನು ಹಾಕಿ, ಬೆಳಿಗ್ಗೆ ಕಲೆ ಕಂಡರೆ ಪೆನ್ಸಿಲಿನಲ್ಲಿ ಸುತ್ತ ಗೆರೆ ಎಳೆದು ತಾರೀಕು ಬರೆದಿದ್ದರು. ಒಟ್ಟು ಎಂಟು ಕಲೆ. ಅಷ್ಟರಲ್ಲಿ ಬೇರೆ ಗ್ಯಾರೇಜಿನಲ್ಲಿ ಇಂಜಿನ್ ಸ್ಪ್ರಾಕೆಟ್ಟಿನ, ಅಂದರೆ ಚೈನ್ ತಿರುಗಿಸುವ ಹಲ್ಲಿನ ಚಕ್ರದ, ಹಿಂದಿನ ಆಯಿಲ್ ಸೀಲ್ (ಎಣ್ಣೆ ತಡೆಯುವ ರಬ್ಬರ್ ಬಳೆ) ಬದಲಾಗಿತ್ತು, ಗೇರ್ ಶಾಫ್ಟಿನ ಸೀಲೂ ಬದಲಾಗಿತ್ತು. ಕಲೆ ನಿಂತಿರಲಿಲ್ಲ.

ನಾನು ಸ್ಪಾನರ್ ಮುಟ್ಟುವ ಮೊದಲು ಎಣ್ಣೆಯ ಮಟ್ಟ ನೋಡುತ್ತೇನೆ. ಸೆಂಟರ್ ಸ್ಟ್ಯಾಂಡ್ ಹಾಕಿ, ಎರಡು ಮೂರು ನಿಮಿಷ ಸ್ಟಾರ್ಟ್‌ನಲ್ಲಿಟ್ಟು, ಆಫ್ ಮಾಡಿ ಇನ್ನೆರಡು ನಿಮಿಷ ಬಿಟ್ಟು ನೋಡಬೇಕು. ಸೈಡ್ ಸ್ಟ್ಯಾಂಡಿನಲ್ಲಿ ನೋಡಿದರೆ ಲೆಕ್ಕ ತಪ್ಪುತ್ತದೆ. ಮಾಷ್ಟ್ರ ಬೈಕು ಎಣ್ಣೆ ಬದಲಾಯಿಸಿ ಎರಡು ತಿಂಗಳಾಗಿತ್ತು, ಮಟ್ಟ ಮೇಲಿನ ಗೆರೆಯಲ್ಲೇ ಇತ್ತು. ಒಂದು ಲೀಟರ್ ಆಸುಪಾಸು ಎಣ್ಣೆ ಹಿಡಿಯುವ ಇಂಜಿನ್ ಅದು. ಇಷ್ಟು ಕಲೆ ಬಿದ್ದರೂ ಮಟ್ಟ ಇಳಿದಿಲ್ಲ ಅಂದರೆ ಏನರ್ಥ?

ಬಿದ್ದದ್ದು ಏನು ಅಂತ ತಿಳಿಯಲು ಬೆರಳು, ಮೂಗು ಸಾಕು. ಪೆಟ್ರೋಲ್ ಆದರೆ ವಾಸನೆ ಹೇಳುತ್ತದೆ, ಕಲೆ ಬೇಗ ಆರುತ್ತದೆ. ಕೂಲೆಂಟಿಗೆ ಬಣ್ಣ ಇರುತ್ತದೆ, ಸಿಹಿ ವಾಸನೆ ಇರುತ್ತದೆ. ಆದರೆ ನಾಲಗೆಗೆ ಮುಟ್ಟಿಸಬೇಡಿ, ಅದು ವಿಷ. ಡಿಸ್ಕ್ ಬ್ರೇಕಿನ ಡಾಟ್ 3, ಡಾಟ್ 4 ಎಣ್ಣೆ ನೀರಿನಲ್ಲಿ ಕರಗುತ್ತದೆ, ಇಂಜಿನ್ ಆಯಿಲ್ ಕರಗುವುದಿಲ್ಲ. ಬ್ರೇಕ್ ಎಣ್ಣೆ ಟ್ಯಾಂಕಿಗೆ ತಾಗಿದರೆ ಪೈಂಟ್ ಎದ್ದು ಬರುತ್ತದೆ, ಕೂಡಲೇ ನೀರು ಹಾಕಿ ತೊಳೆಯಿರಿ. ಅದು ಸೋರುತ್ತಿದ್ದರೆ ಬೈಕ್ ಓಡಿಸಲೇಬೇಡಿ, ಬೇರೆ ಗಾಡಿಯಲ್ಲಿ ಹಾಕಿಸಿ ತನ್ನಿ. ಮಳೆಗಾಲದಲ್ಲಿ ಬ್ರೀದರ್ ಪೈಪಿನ (ಇಂಜಿನ್ ಉಸಿರು ಬಿಡುವ ಕೊಳವೆಯ) ತುದಿಯಲ್ಲಿ ಹಾಲಿನಂಥ ಬಿಳಿ ಬಿಳಿ ನೀರು ಕಂಡರೆ ಹೆಚ್ಚಾಗಿ ಅದು ಎಣ್ಣೆ ಮತ್ತು ನೀರಿನ ಪಸೆ ಸೇರಿದ್ದು. ಖಾಲಿ ಮಾಡಿ, ಮತ್ತೆ ಮತ್ತೆ ಬಂದರೆ ತೋರಿಸಿ. ಹಳೇ ಕಾಸ್ಟ್ ಐರನ್ ಬುಲೆಟ್ ಇದ್ದವರ ಕಥೆ ಬೇರೆ. ವಾರಗಟ್ಟಲೆ ನಿಲ್ಲಿಸಿದರೆ ಎಣ್ಣೆ ತನ್ನ ಟ್ಯಾಂಕಿನಿಂದ ಕ್ರ್ಯಾಂಕ್ ಕಡೆಗೆ ಇಳಿದಿರುತ್ತದೆ, ಸ್ಟಾರ್ಟ್ ಮಾಡಿದ ಕೂಡಲೇ ಬ್ರೀದರಿನಿಂದ ಉಗುಳುತ್ತದೆ. ಅದು ಅದರ ಸ್ವಭಾವ.

ಮಾಷ್ಟ್ರ ರಟ್ಟಿನ ಎಣ್ಣೆ ಬೆರಳಿಗೆ ದಪ್ಪ ಅನ್ನಿಸಿತು. ಹೆಬ್ಬೆರಳು ಬಿಡಿಸಿದರೆ ನೂಲು ಎಳೆಯುತ್ತಿತ್ತು. ಇಂಜಿನ್ ಆಯಿಲ್ ಹಾಗೆ ಎಳೆಯುವುದಿಲ್ಲ. ಆದರೂ ಖಾತ್ರಿಯಾಗಬೇಕಲ್ವಾ? ತಣ್ಣಗಿದ್ದ ಇಂಜಿನ್ನನ್ನು ಸೀಮೆಎಣ್ಣೆ, ಬ್ರಷ್ ಹಾಕಿ ತಿಕ್ಕಿ, ಒಣಗಿಸಿ, ಜೋಡಣೆ ಇರುವಲ್ಲೆಲ್ಲ ಮಕ್ಕಳ ಪೌಡರ್ ಉದುರಿಸಿದೆ. ಪೆರ್ಲದವರೆಗೆ ಹೋಗಿ ಬಂದೆ. ಒಂದು ಗೆರೆ ಎಣ್ಣೆ ಬಂದರೂ ಬಿಳಿ ಪೌಡರಿನ ಮೇಲೆ ಕಪ್ಪಾಗಿ ಕಾಣುತ್ತದೆ. ಎಲ್ಲೂ ಇಲ್ಲ. ಗ್ಯಾರೇಜಿನ ಹುಡುಗ ಹೇಳಿದ, ಇಂಜಿನ್ ಮದುಮಗನ ಹಾಗೆ ಇದೆ ಅಂತ.

ಆಮೇಲೆ ಆ ರಟ್ಟನ್ನು ಗೋಡೆಯ ಕ್ಯಾಲೆಂಡರ್ ಪಕ್ಕ ಹಿಡಿದೆ. ಎಂಟರಲ್ಲಿ ಏಳು ಕಲೆ ಸೋಮವಾರದ್ದು.

"ಮಾಷ್ಟ್ರೇ, ಭಾನುವಾರ ಬೈಕಿಗೆ ಏನು ಮಾಡ್ತೀರಿ?"

"ತೊಳೆದು ಚೈನಿಗೆ ಎಣ್ಣೆ ಹಾಕ್ತೇನೆ."

"ಎಷ್ಟು?"

"ಮಳೆಗಾಲ ಅಲ್ವಾ, ಧಾರಾಳ ಹಾಕ್ತೇನೆ. 90 ನಂಬ್ರದ್ದು, ದಪ್ಪ ಗೇರ್ ಆಯಿಲ್."

ಸ್ಪ್ರಾಕೆಟ್ ಕವರಿನ ಮೂರು ಬೋಲ್ಟ್ ಬಿಚ್ಚಿದೆ. ಒಳಗೆ ಒಂದು ಮುಷ್ಟಿ ಕಪ್ಪು ಹಿಟ್ಟು. ಎಣ್ಣೆ, ಕೆಂಪು ಮಣ್ಣು, ಅಡಿಕೆ ಸಿಪ್ಪೆಯ ನಾರು, ಎಲ್ಲ ಕಲಸಿ ಬಿಗಿದುಕೊಂಡಿತ್ತು. ಸ್ಕ್ರೂಡ್ರೈವರಿನಲ್ಲಿ ಕೆರೆದು ತೆಗೆಯಬೇಕಾಯಿತು. ಅದರ ಹಿಂದೆ ಹೊಸ ಸೀಲ್ ಒಣಗಿ ಚಂದ ಕೂತಿತ್ತು. ಚೈನಿಗೆ ಹೆಚ್ಚಾದ ಎಣ್ಣೆ ಕವರಿನೊಳಗೆ ಸಿಡಿದು, ಬೈಕ್ ಸೈಡ್ ಸ್ಟ್ಯಾಂಡಿನಲ್ಲಿ ಎಡಕ್ಕೆ ವಾಲಿದಾಗ ಮೆಲ್ಲ ಇಳಿಯುತ್ತಿತ್ತು. ಮಂಗಳವಾರದ ಹೊತ್ತಿಗೆ ನಿಲ್ಲುತ್ತಿತ್ತು.

ಚೈನಿಗೆ ಎಣ್ಣೆ ಹಾಕುವುದು ಬೇಕು, ನಮ್ಮ ಮಳೆಗೆ ಬೇಕೇ ಬೇಕು. ಮೊದಲು ಸೀಮೆಎಣ್ಣೆಯಲ್ಲಿ ತಿಕ್ಕಿ ಒರೆಸಿ. ಕೆಳಗಿನ ಚೈನಿನ ಒಳಮೈಗೆ ಸ್ವಲ್ಪ ಸ್ವಲ್ಪ ಹಾಕಿ, ಓಡುವಾಗ ಅದು ತಾನಾಗಿ ಹೊರಕ್ಕೆ ಬರುತ್ತದೆ. ಒಂದು ರಾತ್ರಿ ಬಿಟ್ಟು ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಚಕ್ರವನ್ನು ಕೈಯಲ್ಲೇ ತಿರುಗಿಸಿ. ಸ್ಟಾರ್ಟ್ ಮಾಡಿ ಗೇರ್ ಹಾಕಿ ಒರೆಸಲು ಹೋದವರ ಬೆರಳು ಚೈನಿಗೆ ಸಿಕ್ಕಿದ್ದುಂಟು.

ಒಂದು ತಿಂಗಳ ನಂತರ ಮಾಷ್ಟ್ರು ಹೊಸ ರಟ್ಟು ಹಿಡಿದುಕೊಂಡು ಬಂದರು. ಅದರಲ್ಲಿ ಒಂದೇ ಒಂದು ಪೆನ್ಸಿಲ್ ಗೆರೆ. ಪಕ್ಕದಲ್ಲಿ ಅವರೇ ಬರೆದಿದ್ದರು: 'ಮಳೆನೀರು, ಮೂಸಿ ನೋಡಿದ್ದೇನೆ.'