ಗಾರ್ಮೆಂಟ್ಸ್ ಹೆಂಗಸರು ಪಿಎಫ್‌ಗಾಗಿ ರಸ್ತೆಗೆ ಇಳಿದದ್ದು ಯಾಕೆ?

2016ರ ಏಪ್ರಿಲ್ 18, ಸೋಮವಾರ. ಬೆಂಗಳೂರಿನ ಹೊಸೂರು ರಸ್ತೆಯ ಬೊಮ್ಮನಹಳ್ಳಿ ಹತ್ತಿರ ಗಾರ್ಮೆಂಟ್ಸ್ ಕೆಲಸಗಾರರು ಮಷಿನ್ ಬಿಟ್ಟು ರಸ್ತೆಗೆ ಬಂದು ಕೂತರು. ಬಹುಪಾಲು ಹೆಂಗಸರು. ಮರುದಿನ ಪೀಣ್ಯ, ಜಾಲಹಳ್ಳಿ ಕ್ರಾಸ್, ಮೈಸೂರು ರಸ್ತೆಯಲ್ಲೂ ಅದೇ ನಡೆಯಿತು. ಯಾವ ದೊಡ್ಡ ಯೂನಿಯನ್ನೂ ಮುಂದೆ ನಿಂತು ನಡೆಸಿದ ಹೋರಾಟ ಇದಾಗಿರಲಿಲ್ಲ. ಲಾಠಿ ಏಟು ಬಿತ್ತು, ಅಶ್ರುವಾಯು ಹಾರಿತು, ಬಸ್ಸುಗಳಿಗೆ ಬೆಂಕಿ ಬಿತ್ತು, ಹೆಬ್ಬಗೋಡಿ ಪೊಲೀಸ್ ಠಾಣೆಯ ಮೇಲೆ ದಾಳಿಯಾಯಿತು. 19ರ ಸಂಜೆ ಹೊತ್ತಿಗೆ ಕೇಂದ್ರ ಸರ್ಕಾರ, ಪಿಎಫ್ (ಭವಿಷ್ಯ ನಿಧಿ) ಹಣ ತೆಗೆಯುವುದಕ್ಕೆ ಮಿತಿ ಹಾಕಿದ್ದ ತನ್ನ ಆದೇಶವನ್ನು ವಾಪಸ್ ತೆಗೆದುಕೊಂಡಿತು.

ಬೈಗುಳ, ಟಾರ್ಗೆಟ್ ಒತ್ತಡ, ಕಡಿಮೆ ಸಂಬಳ, ಇವೆಲ್ಲ ಅವರಿಗೆ ಹೊಸದಲ್ಲ. ಅಷ್ಟೆಲ್ಲ ಸಹಿಸಿದವರು ಪಿಎಫ್ ವಿಷಯಕ್ಕೆ ಯಾಕೆ ಸಿಡಿದೆದ್ದರು? ಇದು ಅರ್ಥವಾಗಬೇಕಾದರೆ ಪಿಎಫ್ ಹುಟ್ಟಿದ ಕಾಲಕ್ಕೆ ಹೋಗಬೇಕು.

1951ರ ನವೆಂಬರ್‌ನಲ್ಲಿ ಸುಗ್ರೀವಾಜ್ಞೆಯಾಗಿ ಬಂದದ್ದು 1952ರಲ್ಲಿ ನೌಕರರ ಭವಿಷ್ಯ ನಿಧಿ ಕಾಯ್ದೆಯಾಯಿತು. ಮೊದಲು ಆರು ಉದ್ಯಮಗಳಿಗೆ ಮಾತ್ರ ಅನ್ವಯ: ಸಿಮೆಂಟ್, ಸಿಗರೇಟ್, ಎಂಜಿನಿಯರಿಂಗ್, ಕಬ್ಬಿಣ ಮತ್ತು ಉಕ್ಕು, ಕಾಗದ, ಬಟ್ಟೆ. ಆಗ ಸಂಬಳದ ಶೇ 6.25ರಷ್ಟನ್ನು ಕೆಲಸಗಾರ ಕಟ್ಟಬೇಕಿತ್ತು, ಮಾಲೀಕನೂ ಅಷ್ಟೇ ಕಟ್ಟಬೇಕಿತ್ತು. ಆಮೇಲೆ ಅದು ಏರುತ್ತಾ ಶೇ 12ಕ್ಕೆ ಬಂತು. ಕಾಯ್ದೆ ಬರೆದವರ ಕಣ್ಣ ಮುಂದೆ ಇದ್ದವನು ಒಂದೇ ಮಿಲ್ಲಿಗೆ ಸೇರಿ, ವಯಸ್ಸಾಗುವವರೆಗೆ ಅಲ್ಲೇ ದುಡಿದು ನಿವೃತ್ತನಾಗುವ ಗಂಡಸು ಅನಿಸುತ್ತದೆ. ಆ ಕಾಲದ ಮಿಲ್ಲುಗಳಲ್ಲಿ, ಸರ್ಕಾರಿ ಕಾರ್ಖಾನೆಗಳಲ್ಲಿ ಅಂಥವರು ಇದ್ದರು ಕೂಡ. ಅವರಿಗೆ ಪಿಎಫ್ ಅಂದರೆ ಮುಪ್ಪಿನ ದುಡ್ಡು.

ಗಾರ್ಮೆಂಟ್ಸ್ ಬದುಕೇ ಬೇರೆ. ಮಂಡ್ಯ, ರಾಮನಗರ, ತುಮಕೂರು ಕಡೆಯಿಂದ ಬಂದ ಹೆಣ್ಣುಮಗಳು ಹೆಲ್ಪರ್ ಆಗಿ ಸೇರುತ್ತಾಳೆ, ಟೈಲರ್ ಆಗುತ್ತಾಳೆ. ಮದುವೆ, ಬಾಣಂತನ, ಅತ್ತೆಯ ಕಾಯಿಲೆ ಅಂತ ನಡುವೆ ಕೆಲಸ ಬಿಡುತ್ತಾಳೆ, ಮತ್ತೆ ಇನ್ನೊಂದು ಕಾರ್ಖಾನೆಗೆ ಸೇರುತ್ತಾಳೆ. ಕಣ್ಣು ಮಂಜಾಗಿ, ಬೆನ್ನು ಹಿಡಿದುಕೊಂಡ ಮೇಲೆ ದಿನದ ಟಾರ್ಗೆಟ್ ಮುಗಿಸುವುದು ಕಷ್ಟ. 58 ವರ್ಷ ವಯಸ್ಸಿನವರೆಗೆ ಮಷಿನ್ ಮುಂದೆ ಕೂರುವವರು ತೀರಾ ವಿರಳ. ಸಂಬಳ ಬಂದ ವಾರದಲ್ಲೇ ಬಾಡಿಗೆ, ಚೀಟಿ, ಸಂಘದ ಸಾಲದ ಕಂತು ಅಂತ ಖಾಲಿಯಾಗುತ್ತದೆ. ಅವಳ ಕೈಗೆ ಒಟ್ಟಿಗೆ ಸಿಗುವ ದುಡ್ಡು ಅಂತ ಇದ್ದರೆ ಅದು ಪಿಎಫ್ ಒಂದೇ. ಮಗಳ ಕಾಲೇಜು ಫೀಸು, ಊರಲ್ಲಿ ಅರ್ಧಕ್ಕೆ ನಿಂತ ಮನೆ, ಬಡ್ಡಿಯವನ ಕಾಟ, ಎಲ್ಲಕ್ಕೂ ಅದರ ಮೇಲೇ ಕಣ್ಣು.

ಹಾಗಾಗಿ ಗಾರ್ಮೆಂಟ್ಸ್‌ನಲ್ಲಿ ಒಂದು ರೂಢಿ ಬೆಳೆಯಿತು. ಕೆಲವು ವರ್ಷ ದುಡಿಯುವುದು, ರಾಜೀನಾಮೆ ಕೊಡುವುದು, ಎರಡು ತಿಂಗಳು ಕಾದು ಪಿಎಫ್ ತೆಗೆಯುವುದು, ಮತ್ತೆ ಹೊಸಬಳಾಗಿ ಸೇರುವುದು. ಗ್ರಾಚ್ಯುಟಿಗೆ, ಅಂದರೆ ಕೆಲಸ ಬಿಡುವಾಗ ಸರ್ವೀಸಿಗೆ ತಕ್ಕಂತೆ ಮಾಲೀಕರು ಕೊಡುವ ಹಣಕ್ಕೆ, ಸಾಮಾನ್ಯವಾಗಿ ಐದು ವರ್ಷ ಸರ್ವೀಸ್ ಬೇಕು. ಹಾಗಾಗಿ ತಾಳ್ಮೆ ಇದ್ದವರು ಐದು ವರ್ಷ ತುಂಬಿಸಿ ಬಿಡುತ್ತಾರೆ. ಕಷ್ಟ ಬಂದವರು ಅದಕ್ಕೂ ಮೊದಲೇ ಬಿಡುತ್ತಾರೆ. ಆಗ ಗ್ರಾಚ್ಯುಟಿ ಹೋಯಿತು, ಹಳೆ ಸರ್ವೀಸೂ ಹೋಯಿತು, ಸಂಬಳ ಮತ್ತೆ ಕನಿಷ್ಠ ವೇತನದಿಂದ ಶುರು. ಇದರಲ್ಲಿ ಕಾರ್ಖಾನೆಗೆ ನಷ್ಟವಿಲ್ಲ, ಉಳಿತಾಯವೇ ಜಾಸ್ತಿ. ತನ್ನದೇ ದುಡ್ಡಿಗಾಗಿ ಕೆಲಸ ಬಿಡಬೇಕಾದ ಈ ಸ್ಥಿತಿಯನ್ನು ಮ್ಯಾನೇಜ್‌ಮೆಂಟ್ ಆಗಲಿ ಪಿಎಫ್ ಕಚೇರಿಯಾಗಲಿ ಒಂದು ಸಮಸ್ಯೆ ಅಂತ ಗಂಭೀರವಾಗಿ ನೋಡಲೇ ಇಲ್ಲ ಅನ್ನುವುದು ನನ್ನ ಬೇಸರ.

ಇಂಥ ಹೊತ್ತಿನಲ್ಲಿ 2016ರ ಫೆಬ್ರವರಿ 10ರ ಆದೇಶ ಬಂತು. ಕೆಲಸ ಬಿಟ್ಟವರು ತಾವು ಕಟ್ಟಿದ ಭಾಗ ಮತ್ತು ಅದರ ಬಡ್ಡಿಯನ್ನು ಮಾತ್ರ ತೆಗೆಯಬಹುದು, ಮಾಲೀಕರು ಕಟ್ಟಿದ ಭಾಗ 58 ವರ್ಷ ತುಂಬುವವರೆಗೆ ಸಿಗುವುದಿಲ್ಲ ಅಂತ ಅದರಲ್ಲಿತ್ತು. ಮುಪ್ಪಿಗೆ ಒಂದಿಷ್ಟು ಉಳಿಯಲಿ ಅನ್ನುವುದು ಸರ್ಕಾರದ ವಾದ. ಆ ವಾದದಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ.

ಲೆಕ್ಕವನ್ನು ಸ್ವಲ್ಪ ನೋಡಿ. ಮೂಲ ವೇತನ 10,000 ರೂಪಾಯಿ ಅಂದುಕೊಳ್ಳೋಣ. ಕೆಲಸಗಾರಳ ಸಂಬಳದಿಂದ 1,200 ಕಡಿತವಾಗುತ್ತದೆ. ಮಾಲೀಕರೂ 1,200 ಕಟ್ಟುತ್ತಾರೆ, ಆದರೆ ಅದರಲ್ಲಿ 833 ಪಿಂಚಣಿ ಯೋಜನೆಗೆ ಹೋಗುತ್ತದೆ. ಪಿಎಫ್ ಖಾತೆಗೆ ಬೀಳುವುದು 367 ರೂಪಾಯಿ. ಆದೇಶ ಮುಖ್ಯವಾಗಿ ಹಿಡಿದಿಟ್ಟದ್ದು ಈ ಭಾಗವನ್ನು. ಇದನ್ನು ಕಾರ್ಖಾನೆಯ ನೋಟಿಸ್ ಬೋರ್ಡಿನಲ್ಲಿ ಕನ್ನಡದಲ್ಲಿ ಹತ್ತು ಸಾಲು ಬರೆದು ಹಾಕಬಹುದಿತ್ತು, ಅಲ್ವಾ? ಯಾರೂ ಸರಿಯಾಗಿ ವಿವರಿಸದೆ ಹೋದಾಗ 58ರವರೆಗೆ ಪಿಎಫ್ ಕೊಡುವುದಿಲ್ಲವಂತೆ ಅನ್ನುವ ಸುದ್ದಿ ಬಾಯಿಂದ ಬಾಯಿಗೆ ಹರಡಿತು. ಸುದ್ದಿ ಅರ್ಧ ನಿಜವಾದರೂ ಭಯ ಪೂರ್ತಿ ನಿಜ. 367 ರೂಪಾಯಿ ಕೂಡ ಅವಳ ಪಾಲಿಗೆ ಸಣ್ಣ ದುಡ್ಡಲ್ಲ.

ಅದೇ ವರ್ಷ ಫೆಬ್ರವರಿ 29ರ ಬಜೆಟ್‌ನಲ್ಲಿ ಇನ್ನೊಂದು ಪಿಎಫ್ ಪ್ರಸ್ತಾಪ ಇತ್ತು. ತೆಗೆಯುವ ಹಣದ ಶೇ 60ಕ್ಕೆ ತೆರಿಗೆ ಹಾಕುವುದು. ಸಂಬಳದಾರ ಮಧ್ಯಮ ವರ್ಗ ಸಿಟ್ಟಾಯಿತು, ಟಿವಿಯಲ್ಲಿ ಚರ್ಚೆಯಾಯಿತು, ಮಾರ್ಚ್ 8ಕ್ಕೆ ಸರ್ಕಾರ ಹಿಂದೆ ಸರಿಯಿತು. ಯಾರೂ ರಸ್ತೆಗೆ ಬರಬೇಕಾಗಲಿಲ್ಲ. ಆದರೆ ಪೀಣ್ಯದ ಟೈಲರ್‌ಗೆ ಟಿವಿ ಸ್ಟುಡಿಯೋ ಬಾಗಿಲು ತೆರೆದಿರಲಿಲ್ಲ. ಅವರ ಕಣ್ಣೆದುರಿಗೆ ಇದ್ದದ್ದು ಹೆದ್ದಾರಿ. ಆ ಎರಡು ದಿನದ ಹಿಂಸೆಯನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಬೆಂಗಳೂರಿನ ಈ ಹೆಂಗಸರಿಂದಾಗಿ ದೇಶದ ಎಲ್ಲ ಪಿಎಫ್ ಖಾತೆದಾರರಿಗೂ ಅನುಕೂಲವಾಯಿತು, ಅದನ್ನು ನೆನೆದವರು ಕಡಿಮೆ.

ಆಮೇಲೆ ಕೆಲವು ವಿಷಯ ಸುಧಾರಿಸಿವೆ. 2014ರಲ್ಲೇ ಬಂದಿದ್ದ ಯುಎಎನ್, ಅಂದರೆ ಒಬ್ಬರಿಗೆ ಒಂದೇ ಕಾಯಂ ಪಿಎಫ್ ನಂಬರಿನಿಂದ ಕಾರ್ಖಾನೆ ಬದಲಾದರೂ ಖಾತೆಗಳನ್ನು ಒಂದೇ ಕಡೆ ಜೋಡಿಸಬಹುದು. ಮೊಬೈಲಿನಲ್ಲೇ ಅರ್ಜಿ ಹಾಕಬಹುದು. ಆದರೆ ಆಧಾರ್‌ನಲ್ಲಿ ಒಂದು ಹೆಸರು, ಪಿಎಫ್‌ನಲ್ಲಿ ಇನ್ನೊಂದು ಕಾಗುಣಿತ ಇದ್ದರೆ ಕ್ಲೇಮ್ ನಿಂತೇಹೋಗುತ್ತದೆ. ಹಳೆ ಕಾರ್ಖಾನೆ ಮುಚ್ಚಿದ್ದರೆ ಅದನ್ನು ಸರಿಮಾಡಿಸಲು ಅಲೆಯಬೇಕು. ಒಂದು ದಿನ ರಜೆ ಹಾಕಿದರೆ ಆ ದಿನದ ಸಂಬಳ ಹೋಗುತ್ತದೆ.

2025ರ ಅಕ್ಟೋಬರ್‌ನಲ್ಲಿ ಅದೇ ಪ್ರಶ್ನೆ ಮತ್ತೆ ಬಂತು. ಕೆಲಸ ಬಿಟ್ಟವರು ಖಾತೆಯ ಶೇ 75ರಷ್ಟನ್ನು ಕೂಡಲೇ ತೆಗೆಯಬಹುದು, ಉಳಿದ ಶೇ 25ಕ್ಕೆ 12 ತಿಂಗಳು ಕಾಯಬೇಕು ಅಂತ ಪಿಎಫ್ ಕೇಂದ್ರ ಮಂಡಳಿ ತೀರ್ಮಾನಿಸಿತು. ಮೊದಲು ಕಾಯಬೇಕಿದ್ದದ್ದು ಎರಡು ತಿಂಗಳು. ಪಿಂಚಣಿ ಭಾಗಕ್ಕಂತೂ ಎರಡು ತಿಂಗಳ ಜಾಗದಲ್ಲಿ 36 ತಿಂಗಳು. ಇನ್ನೊಂದು ಕಡೆ, ಕೆಲಸದಲ್ಲಿ ಇದ್ದುಕೊಂಡೇ ಹಣ ತೆಗೆಯುವ ನಿಯಮಗಳನ್ನು ಸಡಿಲ ಮಾಡಿ, 12 ತಿಂಗಳ ಸರ್ವೀಸ್ ಸಾಕು ಅಂದಿತು. ಈ ಎರಡನೆಯದು ನಿಜವಾಗಿಯೂ ಉಪಯೋಗಕ್ಕೆ ಬರಬಹುದು. ಮಗಳ ಫೀಸು ಕಟ್ಟಲು ರಾಜೀನಾಮೆ ಕೊಡುವುದು ತಪ್ಪಬಹುದು, ಸರ್ವೀಸ್ ಉಳಿಯಬಹುದು, ಗ್ರಾಚ್ಯುಟಿ ಸಿಗಬಹುದು. ಆದರೆ ಈ ದಾರಿ ಇದೆ ಅಂತ ಲೈನಿನಲ್ಲಿ ಕೂತವಳಿಗೆ ಗೊತ್ತಾಗಬೇಕು. ಹೆಸರಿನ ತಪ್ಪು ತಿದ್ದಿಸಲು ಕಾರ್ಖಾನೆಯ ಎಚ್‌ಆರ್ ಕೆಲಸದ ಹೊತ್ತಿನಲ್ಲೇ ಕೂತು ಸಹಾಯ ಮಾಡಬೇಕು. ಪಿಎಫ್ ಕಚೇರಿಯವರು ಗೇಟಿನ ಹತ್ತಿರ ಬಂದು, ಊಟದ ವಿರಾಮದಲ್ಲಿ, ಕನ್ನಡದಲ್ಲಿ ಹೇಳಬೇಕು.